ಕೊಡೆ, ಚೊಂಬು, ಪೇಂಟ್ ಡಬ್ಬ: ಪ್ರತಿಮೆಯಿಂದ ಭಾವ ಕಟ್ಟಿದ ನನ್ನ ಅನುಭವ

ಕವಿತೆಯಿಂದ ಭಾವದ ಹೆಸರುಗಳನ್ನೆಲ್ಲ ಕಿತ್ತರೆ ಉಳಿಯುವುದು ಸಾಮಾನಿನ ಪಟ್ಟಿ ಮಾತ್ರ ಎಂದು ನಮ್ಮ ಬಳಗದಲ್ಲಿ ನಕ್ಕವರೇ ಹೆಚ್ಚು. ಈಗ ಅದೇ ದಾರಿಯಲ್ಲಿ ಬರೆದವು ಹತ್ತಕ್ಕೆ ಐದಾರಾದರೂ ಪುರವಣಿಗಳಲ್ಲಿ ಅಚ್ಚಾಗುತ್ತಿವೆ. ಮೊದಲು ಹತ್ತಕ್ಕೆ ಒಂದು ಬಂದರೆ ಅದೇ ಹಬ್ಬ. ನಕ್ಕವರಲ್ಲಿ ಒಂದಿಬ್ಬರು ಹಸ್ತಪ್ರತಿ ಕಳಿಸಿ ‘ಒಂದ್ಸಲ ನೋಡಿಕೊಡಿ ಸರ್’ ಅನ್ನತೊಡಗಿದ ಮೇಲೆ ಬರೆದೇಬಿಡೋಣ ಅನ್ನಿಸಿತು. ಉಪಮೆ ಯಾವುದು, ರೂಪಕ ಯಾವುದು, ಪ್ರತಿಮೆ ಯಾವುದು ಎಂಬ ಪಾಠ ಇಲ್ಲಿಲ್ಲ. ಪ್ರತಿಮೆ ಎಂದರೆ ಕಲ್ಲಿನದಲ್ಲ, ಕಣ್ಣು ಕಿವಿಗೆ ತಟ್ಟುವ ಮಾತಿನ ಚಿತ್ರ ಎಂದಿಷ್ಟು ತಿಳಿದಿದ್ದರೆ ಸಾಕು.

ಮೊದಲು ಕೆಂಪು ಪೆನ್ನು. ನೋವು, ಮೌನ, ವಿರಹ, ಕಣ್ಣೀರು, ಕನಸು, ನೆನಪು, ಒಂಟಿತನ, ಬದುಕು: ಎಲ್ಲಿ ಕಂಡರೂ ಹೊಡೆದುಹಾಕುವುದು. ಇಪ್ಪತ್ತು ಸಾಲಿನ ಕರಡಿನಲ್ಲಿ ಆರೇಳು ಸಿಕ್ಕೇ ಸಿಗುತ್ತವೆ. ಹೊಡೆದ ಮೇಲೆ ಸಾಲು ನಿಂತರೆ ಸರಿ, ಕುಸಿದರೆ ಅಲ್ಲಿ ಪ್ರತಿಮೆಯೇ ಇರಲಿಲ್ಲ. ಇದನ್ನು ನೋಡಿ:

ಮನೆ ತುಂಬ ಮೌನ
ಎದೆಯೊಳಗೆ ಹೇಳಲಾಗದ ನೋವು
ಹೊರಗೆ ಕಣ್ಣೀರಿನಂತೆ ಮಳೆ

ಪೆನ್ನು ಆಡಿಸಿದರೆ ಉಳಿಯುವುದು ಮನೆ, ಎದೆ, ಮಳೆ. ಯಾರ ಮನೆ, ಎಲ್ಲಿಯ ಮಳೆ, ಏನೂ ತಿಳಿಯದು. ಇಂಥ ಸಾಲನ್ನು ತಿದ್ದುತ್ತ ಕೂರಬಾರದು, ಬಿಟ್ಟು ಹೊಸದಾಗಿ ಕಟ್ಟಬೇಕು. ಮಳೆಯ ದಿನ ಆ ಮನೆಯೊಳಗೆ ಕೈಗೆ ಸಿಗುವ ಒಂದು ವಸ್ತು ಹಿಡಿದು, ಹಾಳೆಯಲ್ಲಿ ಕಣ್ಣು, ಕಿವಿ, ಮೂಗು, ಚರ್ಮ ಎಂದು ನಾಲ್ಕು ಕಂಬ ಎಳೆದು ತುಂಬುತ್ತೇನೆ. ಕಣ್ಣಿನ ಕಂಬ ಎರಡು ನಿಮಿಷದಲ್ಲಿ ತುಂಬುತ್ತದೆ. ಅದರಲ್ಲಿ ಬಹುಪಾಲು ಹೊಟ್ಟು. ಉಳಿದ ಮೂರರಲ್ಲಿ ಎರಡೆರಡು ಸಿಕ್ಕರೂ ಸಾಕು, ಭಾವ ಗಟ್ಟಿಯಾಗುವುದು ಅಲ್ಲೇ. ಹೀಗೆ ಬಂದದ್ದು:

ತೊಲೆಗೆ ತೂಗಿಬಿಟ್ಟ ಕೊಡೆ
ಇನ್ನೂ ತೊಟ್ಟಿಕ್ಕುತ್ತಿದೆ
ಕೆಳಗೆ ಯಾರೋ ಚೊಂಬು ಇಟ್ಟಿದ್ದಾರೆ

ಈ ಮೂರು ಸಾಲಿನ ಮೇಲೆ ನಾನು ಮಾಡಿದಷ್ಟು ಪ್ರಯೋಗ ಬೇರೆ ಯಾವುದರ ಮೇಲೂ ಮಾಡಿಲ್ಲ. ಮೊದಲು ಪಾತ್ರೆ ಬದಲಿಸಿದೆ. ಹಿತ್ತಾಳೆ ಚೊಂಬಿಗೆ ಹನಿ ಬಿದ್ದರೆ ಟಣ್ ಎನ್ನುತ್ತದೆ, ಹಳೆಯ ಮನೆ, ಹಿರಿಯರು, ಸ್ವಲ್ಪ ಗೌರವ ಬರುತ್ತದೆ. ಬೆಳ್ಳಿ ಬಟ್ಟಲು ಇಟ್ಟರೆ ಹನಿ ತೀರ್ಥವಾಗಿ ಕವಿತೆ ದೇವರ ಕೋಣೆಗೆ ನಡೆದುಬಿಡುತ್ತದೆ. ಪ್ಲಾಸ್ಟಿಕ್ ಬಕೆಟ್ ಇಟ್ಟರೆ ಬರೀ ಗೃಹಕೃತ್ಯ. ಖಾಲಿ ಪೇಂಟ್ ಡಬ್ಬ ಇಟ್ಟೆ ನೋಡಿ, ಹೇಳುವವನ ಮೂತಿ ಸ್ವಲ್ಪ ಸೊಟ್ಟಗಾಯಿತು: ಈ ಮನೆಗೆ ಒಂದು ಕಾಲದಲ್ಲಿ ಬಣ್ಣ ಹೊಡೆಸಿದ್ದರು, ಆಮೇಲೆ ಇಲ್ಲ. ಕೊಡೆ ಅದೇ, ಹನಿ ಅದೇ, ಧಾಟಿ ಮಾತ್ರ ಬೇರೆ.

ನನಗೆ ದಕ್ಕಿದ ಮುಖ್ಯ ಸಂಗತಿ ಇದು. ತಾನಾಗಿ ಆಗುವುದು, ಅಂದರೆ ಹನಿ, ಬೆಳಕು, ಹವೆ, ಕವಿತೆಯ ಭಾವವನ್ನು ಹೊರುತ್ತದೆ. ಮನುಷ್ಯರು ಆರಿಸಿ ತಂದಿಟ್ಟದ್ದು ಧಾಟಿಯನ್ನು ಹೊರುತ್ತದೆ. ಭಾವ ಸರಿಯಿದ್ದು ಧಾಟಿ ಮಾತ್ರ ಗೋಳಾಗಿದ್ದರೆ ಮಳೆಯನ್ನು ಮುಟ್ಟಬೇಡಿ, ಪಾತ್ರೆ ಬದಲಿಸಿ. ಧಾಟಿ ಸರಿಯಿದ್ದು ಕವಿತೆ ತಣ್ಣಗಿದ್ದರೆ ಪಾತ್ರೆ ಅಲ್ಲೇ ಇರಲಿ, ಹೊತ್ತು ಬದಲಿಸಿ, ಹವೆ ಬದಲಿಸಿ.

ಎರಡನೆಯದು ಕ್ರಿಯಾಪದ. ವಿಶೇಷಣಕ್ಕಿಂತ ನಾಲ್ಕು ಪಟ್ಟು ಕೆಲಸ ಮಾಡುತ್ತದೆ. ಕೊಡೆಯ ನೀರು ‘ಸುರಿಯುತ್ತಿದೆ’ ಎಂದರೆ ಬಂದವರು ಈಗಷ್ಟೇ ಓಡಿ ಬಂದಿದ್ದಾರೆ, ಅವಸರ. ‘ತೊಟ್ಟಿಕ್ಕುತ್ತಿದೆ’ ಎಂದರೆ ಬಂದು ಅರ್ಧ ಗಂಟೆಯಾಗಿದೆ, ಮಾತು ಮುಗಿದಿದೆ. ಕೊಡೆ ‘ಒಣಗಿ ಮಡಿಕೆಗೆ ಅಂಟಿದೆ’ ಎಂದರೆ ಎಷ್ಟೋ ಕಾಲದಿಂದ ಯಾರೂ ಅದನ್ನು ಬಿಚ್ಚಿಲ್ಲ. ‘ಅಳುತ್ತಿದೆ’ ಎಂದಿರೋ, ಕೆಂಪು ಪೆನ್ನಿನಲ್ಲಿ ಹೊಡೆದದ್ದು ಹಿತ್ತಲ ಬಾಗಿಲಿಂದ ಒಳಬಂತು. ಕೊಡೆಯ ಜಾತಿಯನ್ನೂ ನೋಡಬೇಕು. ಬಾಗಿದ ಹಿಡಿಯ ಕಪ್ಪು ಬಟ್ಟೆಯ ಕೊಡೆ ಅಜ್ಜನದು, ಮೂರು ಮಡಿಕೆಯದು ಬಸ್ಸು ಹಿಡಿದು ಕೆಲಸಕ್ಕೆ ಹೋಗುವವಳದು.

ಪ್ರಮಾಣದ ಮಾತು. ಹದಿನಾರರಿಂದ ಇಪ್ಪತ್ತು ಸಾಲಿಗೆ ಮೂರು, ಹೆಚ್ಚೆಂದರೆ ನಾಲ್ಕು ಪ್ರತಿಮೆ. ಒಂದಕ್ಕೆ ಒಂದೇ ವಿಶೇಷಣ. ಹೋಲಿಕೆಯ ‘ಅಂತೆ’, ‘ಹಾಗೆ’ ಇಡೀ ಕವಿತೆಗೆ ಒಂದು. ಎಲ್ಲ ಪ್ರತಿಮೆಗಳೂ ಒಂದೇ ಕಡೆಯಿಂದ ಬಂದರೆ ಒಳ್ಳೆಯದು. ಕೊಡೆ, ತೊಲೆ, ಡಬ್ಬದ ನಡುವೆ ಸಮುದ್ರ, ಹದ್ದು, ಕುರುಕ್ಷೇತ್ರ ನುಗ್ಗಿದರೆ ಯಾವ ಭಾವವೂ ನೆಲೆ ನಿಲ್ಲದು. ಹಳಬರಿಗೆ ಇದು ಚೆನ್ನಾಗಿ ಗೊತ್ತಿತ್ತು. 12ನೇ ಶತಮಾನದ ಬಸವಣ್ಣನವರ ‘ಉಳ್ಳವರು ಶಿವಾಲಯ ಮಾಡುವರು’ ವಚನದಲ್ಲಿ ಕಾಲು ಕಂಬ, ದೇಹ ದೇಗುಲ, ಶಿರ ಹೊನ್ನ ಕಳಸ. ಮೂರೂ ಒಂದೇ ಕಟ್ಟಡದವು, ಕಣ್ಣು ಬುಡದಿಂದ ತುದಿಗೆ ಏರುತ್ತದೆ. ಬಡವನಯ್ಯಾ ಎಂದು ತಗ್ಗಿನಲ್ಲಿ ಶುರುವಾದ ದನಿ ಕಳಸ ಮುಟ್ಟುವಷ್ಟರಲ್ಲಿ ತಲೆಯೆತ್ತಿ ನಿಂತಿರುತ್ತದೆ. ಸ್ಥಾವರಕ್ಕೆ ಅಳಿವುಂಟು ಎಂಬ ಸವಾಲು ಅದಕ್ಕೇ ಎಲ್ಲಿಂದಲೋ ಬಂದ ಹಾಗೆ ಕೇಳುವುದಿಲ್ಲ. ಕ್ರಮ ತಿರುಗಿಸಿ, ಶಿರದಿಂದ ಕಾಲಿಗೆ ಇಳಿಸಿ ಓದಿನೋಡಿ, ದನಿ ನೆಲಕ್ಕೆ ಬೀಳುತ್ತದೆ. ಈ ತಿರುಗುಮುರುಗು ಪರೀಕ್ಷೆಯನ್ನು ಈಗ ನನ್ನ ಪ್ರತಿ ಕರಡಿಗೂ ಮಾಡುತ್ತೇನೆ.

ಕಾಲದ ಆಯ್ಕೆಯಲ್ಲಿ ಕೈಕೊಡುವುದೇ ಹೆಚ್ಚು. ಮಳೆ ಎಂದರೆ ದುಃಖ ಎಂಬುದು ಸಿನಿಮಾದಿಂದ ಅಂಟಿದ ಚಾಳಿ. ಬಯಲುಸೀಮೆಯವರಿಗೆ ಮೇ ಕೊನೆಯ ರೋಹಿಣಿ ಮಳೆ ಎಂದರೆ ಬಿತ್ತನೆ, ಹುರುಪು. ಆಗಸ್ಟ್ ಮೊದಲ ವಾರದ ಆಶ್ಲೇಷ ಮಲೆನಾಡಿನಲ್ಲಿ ಒಣಗದ ಬಟ್ಟೆ, ಮುಗ್ಗಲು ವಾಸನೆ, ಬೇಸರ. ಬರೀ ‘ಮಳೆ’ ಎಂದು ಬರೆದರೆ ಓದುಗರು ತಮಗೆ ಬೇಕಾದ ಮಳೆ ಸುರಿಸಿಕೊಳ್ಳುತ್ತಾರೆ. ಎಲೆ ಉದುರುವುದೂ ಅಷ್ಟೆ. ನಮ್ಮಲ್ಲಿ ಹೊಂಗೆ ಎಲೆ ಕಳಚಿ ಯುಗಾದಿಯ ಹೊತ್ತಿಗೆ ಚಿಗುರಿ ನಿಂತಿರುತ್ತದೆ. ಮುತ್ತುಗ ಎಲೆಯೆಲ್ಲ ಕಳೆದುಕೊಂಡು ಕೆಂಪು ಹೂ ಹೊತ್ತು ಮೆರೆಯುತ್ತದೆ. ಮುಗಿಯದ ಸೂತಕದ ಭಾವಕ್ಕೆ ಈ ಮರಗಳು ಬಾರವು. ಉದುರಿದ ಎಲೆ ತೋರಿಸಿ ಮೂರು ಪುಟ ಅಳುವ ಕವಿತೆ ಚಿತ್ರದುರ್ಗದ್ದೋ ಲಂಡನ್ನಿನದೋ ಎಂದು ಸಂಪಾದಕರಿಗೆ ಅನುಮಾನ ಬಂದರೆ ತಪ್ಪಲ್ಲ.

ನಡುವೆ ಇನ್ನೊಂದು ಆಟ ಆಡಿದೆ. ಇದೇ ಕೊಡೆಯನ್ನು ಮೂರು ಮಾತ್ರೆಯ (ಒಂದು ಮಾತ್ರೆ ಎಂದರೆ ಒಂದು ಹ್ರಸ್ವಾಕ್ಷರ ನುಡಿಯುವ ಹೊತ್ತು) ನಡೆಗೆ ಹಾಕಿದೆ: ‘ತೊಲೆಯ ಮೇಲೆ ಹಳೆಯ ಕೊಡೆಯು’. ಶಿಶುಗೀತೆ! ಮಕ್ಕಳು ಕುಣಿಯಬಹುದು. ಮೂರು-ನಾಲ್ಕು ಮಾತ್ರೆಯ ಭಾಮಿನಿ ಷಟ್ಪದಿಯ ನಡೆಗೆ ತಂದೆ: ‘ತೊಲೆಗೆ ತೂಗಿದ ಕೊಡೆಯ ತುದಿಯಲಿ’. ಮುಂದೆ ಏನೋ ನಡೆಯಲಿದೆ ಎಂಬ ಕಥನದ ಗತ್ತು ಬಂತು, ಬೇಸರ ಹೋಯಿತು. ಪ್ರತಿಮೆ ಎಷ್ಟೇ ಮಂಕಾಗಿರಲಿ, ಲಯ ಕುಣಿದರೆ ಗೆಲ್ಲುವುದು ಲಯವೇ. ಕೊನೆಗೆ ಮುಕ್ತಛಂದದಲ್ಲೇ ಬಿಟ್ಟೆ, ಹನಿ ಬೀಳುವಲ್ಲಿ ಸಾಲು ಮುರಿದೆ.

ದುಡ್ಡಿನ ವಿಷಯ. ಭಾವಪದಗಳಿಂದ ತುಂಬಿದ ಮೊದಲ ಸಂಕಲನಕ್ಕೆ ಡಿಟಿಪಿ, ಮುಖಪುಟ, 500 ಪ್ರತಿಯ ಮುದ್ರಣ, ಬಿಡುಗಡೆಯ ಕಾಫಿ-ತಿಂಡಿ ಎಲ್ಲ ಸೇರಿ ಕೈಯಿಂದ ಹೋದದ್ದು ಹತ್ತಿರ ಹತ್ತಿರ 40 ಸಾವಿರ. ಮಾರಿ ಬಂದದ್ದು ಐದಾರು ಸಾವಿರ ಇದ್ದೀತು, ಅರ್ಧಕ್ಕಿಂತ ಹೆಚ್ಚು ಪ್ರತಿ ಅಟ್ಟದ ಮೇಲಿವೆ. ಎರಡನೆಯದಕ್ಕೆ ಪ್ರಕಾಶಕರೇ ಹಣ ಹಾಕಿದರು, ನನಗೆ ಐವತ್ತು ಪ್ರತಿ ಕೊಟ್ಟರು. ಕವಿತೆಯಲ್ಲಿ ಇದನ್ನೇ ಲಾಭ ಎನ್ನುತ್ತಾರೆ. ಒಂದು ವಿಶೇಷಾಂಕದ ಸ್ಪರ್ಧೆಯ ಬಹುಮಾನವೂ ಬಂತು. ಪೇಂಟ್ ಡಬ್ಬದ ಕವಿತೆಗೇ ಬಂದದ್ದು ಎಂದು ಹೇಳದೆ ಇರಲಾರೆ.

ಕೊನೆಯ ಪ್ರತಿಮೆ ಆರಿಸಲು ನನ್ನದೊಂದು ಲೆಕ್ಕವಿದೆ, ಅದನ್ನು ಸದ್ಯಕ್ಕೆ ಬಿಟ್ಟುಕೊಡುವುದಿಲ್ಲ. ಇಷ್ಟು ಹೇಳಬಲ್ಲೆ: ಅದು ಮೊದಲ ಪ್ರತಿಮೆಯ ಕಂಬದಿಂದ ಬರಬಾರದು. ಕಣ್ಣಿನಲ್ಲಿ ಶುರುವಾದದ್ದು ಚರ್ಮದಲ್ಲೋ ಕಿವಿಯಲ್ಲೋ ನಿಲ್ಲಲಿ.

ಕವಿಗೋಷ್ಠಿಗೆ ಇದೇ ವಿಧಾನ ಹಾಗೇ ನಡೆಯದು. ದಸರಾ ವೇದಿಕೆಯಲ್ಲಿ ಹಿಂದಿನ ಸಾಲಿನವರಿಗೆ ಅರ್ಧ ಸಾಲು ಕೇಳುವುದಿಲ್ಲ. ಅಲ್ಲಿಗೆ ಪ್ರತಿಮೆ ಎರಡಕ್ಕೆ ಇಳಿಸಿ, ಎರಡರಲ್ಲಿ ಒಂದು ಸದ್ದು ಮಾಡುವಂಥದ್ದಿರಲಿ, ಅದು ಬರುವ ಸಾಲನ್ನು ಎರಡು ಸಲ ಓದಿ. ಡಬ್ಬ ಎಂದಾಗ ಒಂದಿಬ್ಬರು ನಗುತ್ತಾರೆ, ನಗಲಿ. ನಗು ನಿಲ್ಲುವ ತನಕ ಮುಂದಿನ ಸಾಲಿಗೆ ಹೋಗಬೇಡಿ.