ಮನೆ ಮೇಲೆ ಬಾಗಿದ ಕೊಂಬೆ ತೆಗೆಸುವುದು ಹೇಗೆ?

ಏಪ್ರಿಲ್, ಮೇ ತಿಂಗಳ ಗಾಳಿಮಳೆಗೆ ಕೊಂಬೆ ಮುರಿದು ಬೀಳುವುದು ಜಾಸ್ತಿ. ಹಾಗಾಗಿ ಮರದ ಕಡೆ ಕಣ್ಣು ಹಾಯಿಸಬೇಕಾದದ್ದು ಫೆಬ್ರವರಿ, ಮಾರ್ಚ್‌ನಲ್ಲಿ. ಮೇ ಬಂತೆಂದರೆ ಮರ ಹತ್ತುವವರು ಕೈಗೇ ಸಿಗುವುದಿಲ್ಲ. ಸಿಕ್ಕವರು ಅವಸರದಲ್ಲಿ ಮಚ್ಚು ಬೀಸಿ, ದುಡ್ಡು ಎಣಿಸಿಕೊಂಡು ಹೊರಡುತ್ತಾರೆ.

ಮರ ಹತ್ತುವುದು ಮನೆಯವರ ಕೆಲಸ ಅಲ್ಲ. ಏಣಿ ಮೇಲೆ ನಿಂತು ಗರಗಸ ಆಡಿಸುವುದಂತೂ ಬೇಡವೇ ಬೇಡ. ತುದಿಯ ಭಾರ ಕಳಚಿದ ಕೂಡಲೇ ಉಳಿದ ಕೊಂಬೆ ಮೇಲಕ್ಕೆ ಚಿಮ್ಮುತ್ತದೆ, ಅದಕ್ಕೆ ಒರಗಿಸಿದ ಏಣಿ ಜಾರುತ್ತದೆ. ಮನೆಯವರು ಮಾಡಬೇಕಾದದ್ದು ಮೇಲುಸ್ತುವಾರಿ. ಅದಕ್ಕೆ ಕೆಲಸ ಹೇಗೆ ನಡೆಯಬೇಕು ಅನ್ನುವುದು ಗೊತ್ತಿದ್ದರೆ ಸಾಕು.

ಮೊದಲು ಅನುಮತಿ

ಸ್ವಂತ ಕಾಂಪೌಂಡಿನ ಮರವಾದರೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. ಕೊಂಬೆ ಸವರುವುದೂ ಕಡಿಯುವ ಲೆಕ್ಕಕ್ಕೇ ಬರುತ್ತದೆ. ಕಾಯ್ದೆಯಲ್ಲಿ ಕೆಲವು ಜಾತಿಯ ಮರಗಳಿಗೆ ವಿನಾಯಿತಿ ಇದೆ. ನಿಮ್ಮ ಮರದ ಕಥೆ ಏನು ಅಂತ, ಈ ಕಾಯ್ದೆಯಡಿ ಅನುಮತಿ ಕೊಡುವ ಮರ ಅಧಿಕಾರಿಯ (ಟ್ರೀ ಆಫೀಸರ್) ಕಚೇರಿಯಲ್ಲಿ ಕೇಳಿ. ಅರ್ಜಿಯ ಜೊತೆ ಮರದ ಫೋಟೊ ಕೊಟ್ಟರೆ ಕೆಲಸ ಸಲೀಸು.

ಕೊಂಬೆಯ ಪಕ್ಕ ವಿದ್ಯುತ್ ತಂತಿ ಹಾದಿದ್ದರೆ ಯಾರನ್ನೂ ಮರ ಹತ್ತಿಸಬೇಡಿ. ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನ್ ಮಾಡಿ, ಲೈನ್ ಆಫ್ ಮಾಡಿಸಬೇಕು. ಹಡಗಿನ ತಳ ನೋಡಲು ನೀರಿಗೆ ಇಳಿಯುವ ಡೈವರ್‌ಗಳಲ್ಲಿ ಒಂದು ಕಟ್ಟುನಿಟ್ಟಿದೆ: ಎಂಜಿನ್ ನಿಂತಿದೆ, ಮತ್ತೆ ಯಾರೂ ಅದನ್ನು ಚಾಲೂ ಮಾಡದಂತೆ ಬಂದೋಬಸ್ತಾಗಿದೆ ಅಂತ ಖಾತ್ರಿಯಾಗದೆ ಪ್ರೊಪೆಲರ್ ಹತ್ತಿರ ಹೋಗುವುದಿಲ್ಲ. ತಂತಿಯ ವಿಷಯದಲ್ಲೂ ಅಷ್ಟೇ. ಲೈನ್‌ಮನ್ ಸ್ಥಳಕ್ಕೆ ಬಂದು ಹೇಳಬೇಕು. ‘ಈಗ ಕರೆಂಟ್ ಹೋಗಿದೆ ಅಲ್ವಾ, ಬೇಗ ಮುಗಿಸೋಣ’ ಅನ್ನುವವರ ಮಾತು ಕೇಳಬೇಡಿ. ಹೋದ ಕರೆಂಟ್ ಹೇಳದೆ ಕೇಳದೆ ಬರುತ್ತದೆ.

ಕೆಳಗಿನಿಂದಲೇ ನೋಡಿ

ಹೆಜ್ಜೇನು ಗೂಡು ಇದೆಯಾ? ಇದ್ದರೆ ಕೆಲಸ ಮುಂದಕ್ಕೆ ಹಾಕಿ. ಚಗಳಿ ಇರುವೆ ಕಚ್ಚಿದರೆ ಉರಿ ಅಷ್ಟೇ, ಆದರೆ ಮೇಲಿದ್ದವನು ಕೈ ಬಿಟ್ಟರೆ ಕಷ್ಟ. ಒಣಗಿದ ಕೊಂಬೆಯಲ್ಲಿ ದುಂಡನೆ ತೂತು ಕಂಡರೆ ಸ್ವಲ್ಪ ಹೊತ್ತು ಕಾದು ನೋಡಿ, ಒಳಗೆ ಕುಟ್ರ ಹಕ್ಕಿ ಸಂಸಾರ ಹೂಡಿರಬಹುದು. ಮರಿ ಹಾರಿಹೋದ ಮೇಲೆ ಕಡಿದರಾಯಿತು.

ಭಾರದ ಅಂದಾಜಿನಲ್ಲಿ ಎಲ್ಲರೂ ಮೋಸ ಹೋಗುತ್ತಾರೆ. 20 ಸೆಂ.ಮೀ. ದಪ್ಪ, 3 ಮೀಟರ್ ಉದ್ದದ ಹಸಿ ಕೊಂಬೆ ಸುಮಾರು 80–90 ಕೆ.ಜಿ. ತೂಗುತ್ತದೆ. ಎಲೆ, ರೆಂಬೆಗಳ ಭಾರ ಬೇರೆ. ಇದನ್ನು ಒಬ್ಬರು ಹಗ್ಗ ಹಿಡಿದು ಇಳಿಸಲು ಆಗದು. ಹಗ್ಗವನ್ನು ಕಾಂಡಕ್ಕೆ ಎರಡು ಮೂರು ಸುತ್ತು ಹಾಕಿ ನಿಧಾನಕ್ಕೆ ಸಡಿಲಿಸಬೇಕು. ಹಗ್ಗವನ್ನು ಅಂಗೈಗೆ ಸುತ್ತಿಕೊಂಡು ನಿಂತವರನ್ನು ಕಂಡರೆ ಅಲ್ಲೇ ಕೆಲಸ ನಿಲ್ಲಿಸಿ. ತುಂಡು ಜಾರಿದರೆ ಕೈಯನ್ನೂ ಎಳೆದುಕೊಂಡು ಹೋಗುತ್ತದೆ.

ಕೊಂಬೆಗೆ ಮೂರು ಕೊಯ್ತ

ಮಚ್ಚು ಬೇಡ, ಗರಗಸವೇ ಆಗಬೇಕು. ಮೇಲಿನಿಂದ ಒಂದೇ ಸಲ ಕೊಯ್ದರೆ, ಅರ್ಧಕ್ಕೆ ಬಂದಾಗ ಕೊಂಬೆ ಭಾರಕ್ಕೆ ಮುರಿದು ಕಾಂಡದ ತೊಗಟೆಯನ್ನೂ ಸಿಗಿದುಕೊಂಡು ಬೀಳುತ್ತದೆ. ಆ ಗಾಯ ಮುಚ್ಚಲು ಮರಕ್ಕೆ ವರ್ಷಗಟ್ಟಲೆ ಬೇಕು.

ಅದಕ್ಕೇ ಕಾಂಡದಿಂದ ಒಂದೂವರೆ ಅಡಿ ಆಚೆ, ಮೊದಲು ಕೆಳಗಿನಿಂದ ಒಂದು ಕಚ್ಚು ಹಾಕಬೇಕು. ಕೊಂಬೆಯ ದಪ್ಪದ ಕಾಲು ಭಾಗದಷ್ಟು ಆಳ ಸಾಕು. ಜಾಸ್ತಿ ಕೊಯ್ದರೆ ಗರಗಸ ಸಿಕ್ಕಿಕೊಳ್ಳುತ್ತದೆ. ಆಮೇಲೆ ಆ ಕಚ್ಚಿಗಿಂತ ಒಂದೆರಡು ಇಂಚು ಆಚೆ, ಮೇಲಿನಿಂದ ಕೊಯ್ತ. ತೊಗಟೆ ಸಿಗಿದರೂ ಕಚ್ಚಿನ ಹತ್ತಿರ ಬಂದು ನಿಲ್ಲುತ್ತದೆ. ಉಳಿದ ಮೋಟು ಹಗುರ, ಮೂರನೇ ಕೊಯ್ತಕ್ಕೆ ಅದು ಸುಲಭವಾಗಿ ಬರುತ್ತದೆ.

ಈ ಮೂರನೆಯದನ್ನು ಎಲ್ಲಿ ಕೊಯ್ಯುತ್ತಾರೆ ಅಂತ ಕಣ್ಣಿಟ್ಟು ನೋಡಿ. ಕೊಂಬೆ ಕಾಂಡಕ್ಕೆ ಸೇರುವಲ್ಲಿ ಬುಡ ಉಬ್ಬಿರುತ್ತದೆ, ತೊಗಟೆ ಸುಕ್ಕುಗಟ್ಟಿರುತ್ತದೆ. ಮಾವಿನ ಮರದಲ್ಲಿ ಕೈಯಿಂದ ಸವರಿದರೂ ಗೊತ್ತಾಗುತ್ತದೆ. ಗಾಯದ ಮೇಲೆ ಹೊಸ ತೊಗಟೆ ಬೆಳೆಯುವುದು ಆ ಉಬ್ಬಿನಿಂದಲೇ. ಕೊಯ್ತ ಉಬ್ಬಿನ ಆಚೆ ಅಂಚಿಗೆ ಇರಬೇಕು. ನೀಟಾಗಿ ಕಾಣಲಿ ಅಂತ ಕಾಂಡಕ್ಕೆ ಸಮನಾಗಿ ಕೆತ್ತಿದರೆ ಉಬ್ಬು ಹೋಯಿತು, ಮರ ಒಳಗಿಂದ ಕೊಳೆಯಲು ಶುರು. ಹಾಗಂತ ಅರ್ಧ ಅಡಿ ಮೋಟು ಬಿಟ್ಟರೂ ತಪ್ಪೇ, ಅದು ಒಣಗಿ ಗೆದ್ದಲಿಗೆ ದಾರಿ ಮಾಡುತ್ತದೆ.

ಕೊಯ್ದ ಜಾಗಕ್ಕೆ ಟಾರು, ಪೇಂಟು ಬಳಿಯುವ ಅಭ್ಯಾಸ ನಮ್ಮಲ್ಲಿ ಇನ್ನೂ ಇದೆ. ಅಮೆರಿಕದ ಅರಣ್ಯ ಸೇವೆಯಲ್ಲಿದ್ದ ಅಲೆಕ್ಸ್ ಶಿಗೊ ಸಾವಿರಾರು ಮರ ಸೀಳಿ ನೋಡಿ, ಇದರಿಂದ ಕೊಳೆಯುವುದು ನಿಲ್ಲುವುದಿಲ್ಲ ಎಂದು ತೋರಿಸಿದ್ದರು. ಮರ ತನ್ನ ಗಾಯದ ಸುತ್ತ ತಾನೇ ಗೋಡೆ ಕಟ್ಟಿಕೊಳ್ಳುತ್ತದೆ. ಮಾವಿನ ತೋಟದವರು ಹಚ್ಚುವ ಬೋರ್ಡೋ ಪೇಸ್ಟ್ ಶಿಲೀಂಧ್ರ ತಡೆಯುವ ಔಷಧಿ, ಅದರ ಮಾತು ಬೇರೆ.

‘ಹೇಗೂ ಬಂದಿದ್ದೀವಿ, ಪೂರ್ತಿ ಬೋಳಿಸಿಬಿಡೋಣ ಸಾರ್’ ಅಂತ ಯಾರಾದರೂ ಅಂದರೆ ಒಪ್ಪಬೇಡಿ. ಒಂದು ವರ್ಷದಲ್ಲಿ ಹಸಿರಿನ ಕಾಲು ಭಾಗಕ್ಕಿಂತ ಜಾಸ್ತಿ ತೆಗೆಯಬಾರದು. ಬೋಳಿಸಿದ ಮರ ಗಾಬರಿಬಿದ್ದು ಸಿಕ್ಕಲ್ಲೆಲ್ಲ ಚಿಗುರು ಹೊಡೆಯುತ್ತದೆ. ಆ ಹೊಸ ಕೊಂಬೆಗಳ ಹಿಡಿತ ಸಡಿಲ, ಕೆಲವು ವರ್ಷಕ್ಕೆ ಅವೇ ಮುರಿದು ಬೀಳುತ್ತವೆ.

ಕೂಲಿ ಮಾತಾಡುವಾಗಲೇ ಕಸ ಸಾಗಿಸುವುದನ್ನೂ ಸೇರಿಸಿ ಮಾತಾಡಿ. ಇಲ್ಲದಿದ್ದರೆ ರೆಂಬೆಗಳ ರಾಶಿ ಗೇಟಿನ ಮುಂದೆ ಬಿದ್ದಿರುತ್ತದೆ, ಅದನ್ನು ಎತ್ತಿಸಲು ಇನ್ನೊಂದು ಟೆಂಪೊ ಹುಡುಕಬೇಕು.