ಹೋಸ್ಟಿಂಗ್ ಮಾರಲು ಹೋಗಿ ಕಲಿತದ್ದು

ಜಾಲತಾಣ ಕಟ್ಟಿಕೊಡುವುದು ನನ್ನ ಕೆಲಸ. ಕೆಲಸ ಮುಗಿಯುವ ಹೊತ್ತಿಗೆ ಗ್ರಾಹಕರಿಂದ ಒಂದು ಮಾತು ಬಂದೇ ಬರುತ್ತದೆ: "ಹೋಸ್ಟಿಂಗ್ ಕೂಡ ನೀವೇ ನೋಡಿಕೊಳ್ಳಿ." ಎಂದರೆ ತಾಣವನ್ನು ಸದಾ ಚಾಲೂ ಇರುವ ಸರ್ವರ್ ಕಂಪ್ಯೂಟರ್‌ನಲ್ಲಿ ಇಟ್ಟು ನಡೆಸುವುದು. ಮೊದಲ ಸಲ ಹೂಂ ಎಂದವನು ಒಂದು ರೀಸೆಲ್ಲರ್ (ಸಗಟಾಗಿ ಕೊಂಡು ಹಂಚಿ ಮಾರುವ) ಪ್ಯಾಕೇಜ್ ಕೊಂಡು, ಒಬ್ಬೊಬ್ಬರಿಗೂ ಒಂದೊಂದು ಸಿಪ್ಯಾನೆಲ್ (ಹೋಸ್ಟಿಂಗ್ ನಿರ್ವಹಿಸುವ ತಂತ್ರಾಂಶ) ಖಾತೆ ತೆರೆದುಕೊಟ್ಟೆ. ಕುಳಿತಲ್ಲೇ ಬಾಡಿಗೆ ಬರುತ್ತದೆ ಎಂಬ ಲೆಕ್ಕಾಚಾರ.

ಕೊಳ್ಳುವಾಗ ನೋಡಿದ್ದು ಜಾಗ ಮತ್ತು ಬ್ಯಾಂಡ್‌ವಿಡ್ತ್ ಮಾತ್ರ. ಎರಡೂ 'ಅಪರಿಮಿತ' ಎಂದಿತ್ತು. ಸಣ್ಣಕ್ಷರದಲ್ಲಿದ್ದ ಐನೋಡ್ ಮಿತಿಯನ್ನು ಓದಲಿಲ್ಲ. ಐನೋಡ್ ಎಂದರೆ ಹೆಚ್ಚುಕಡಿಮೆ ಕಡತಗಳ ಎಣಿಕೆ. ಒಂದು ಚಿತ್ರ, ತಾಣ ಬೇಗ ತೆರೆಯಲೆಂದು ಉಳಿಸಿಟ್ಟ ಒಂದು ಕ್ಯಾಶ್ ಕಡತ, ಒಂದು ಇಮೇಲ್, ಎಲ್ಲವೂ ಒಂದೊಂದು. ಹಳೆಯ ಮೇಲ್ ಒಂದನ್ನೂ ಅಳಿಸದ ಗ್ರಾಹಕರೊಬ್ಬರಿಗೆ ಅಪರಿಮಿತ ಜಾಗದಲ್ಲೇ ಜಾಗವಿಲ್ಲದಂತಾಯಿತು.

ನಿಜವಾದ ಪಾಠ ಕಲಿಸಿದ್ದೂ ಇಮೇಲೇ. ಅದೇ ಸರ್ವರ್‌ನಲ್ಲಿದ್ದ ಯಾರದೋ ಖಾತೆಯಿಂದ ಸ್ಪ್ಯಾಮ್ ಹೊರಟು, ಎಲ್ಲರಿಗೂ ಒಂದೇ ಆಗಿದ್ದ ಐಪಿ ವಿಳಾಸ (ಸರ್ವರ್‌ನ ಸಂಖ್ಯಾ ವಿಳಾಸ) ಸ್ಪ್ಯಾಮ್ ಕಳಿಸುವವರ ಕಪ್ಪುಪಟ್ಟಿಗೆ ಸೇರಿತು. ನನ್ನ ಗ್ರಾಹಕರು ಕಳಿಸಿದ ಬಿಲ್ಲುಗಳು ತಲುಪಲಿಲ್ಲ. ತಾಣ ಅರ್ಧ ದಿನ ಬಿದ್ದಿದ್ದರೂ ಗಮನಿಸದವರು ಮೇಲ್ ಒಂದು ಗಂಟೆ ನಿಂತರೆ ಫೋನ್ ಮಾಡುತ್ತಾರೆ! ಹೋಸ್ಟಿಂಗ್ ಕಂಪನಿಗೆ ಬರೆದರೆ ಟಿಕೆಟ್ ಸಂಖ್ಯೆಯೊಂದು ಬಂತು, ಉತ್ತರ ಬರಲಿಲ್ಲ. ಆ ಕಂಪನಿಯ ಹೆಸರು ಗ್ರಾಹಕರಿಗೆ ಗೊತ್ತೇ ಇಲ್ಲವಾದ್ದರಿಂದ ಬೈಗುಳವೆಲ್ಲ ನನ್ನ ಪಾಲಿಗೆ.

ಅಂದಿನಿಂದ ಮೇಲನ್ನು ತಾಣದ ಸರ್ವರ್‌ನಲ್ಲಿ ಇಡುವುದಿಲ್ಲ. ಎಂಎಕ್ಸ್ ದಾಖಲೆ (ತಾಣದ ಹೆಸರಿಗೆ ಬರುವ ಮೇಲ್ ಎಲ್ಲಿಗೆ ಹೋಗಬೇಕೆಂದು ಹೇಳುವ ನಮೂದು) ಬೇರೊಂದು ಮೇಲ್ ಸೇವೆಯ ಕಡೆಗಿರುತ್ತದೆ. ತಾಣದ ಸಂಪರ್ಕ ಫಾರಂ ಕೂಡ ಅದೇ ಸೇವೆಯ ಎಸ್‌ಎಂಟಿಪಿ (ಮೇಲ್ ಕಳಿಸುವ ವ್ಯವಸ್ಥೆ) ಮೂಲಕವೇ ಕಳಿಸುತ್ತದೆ. ಮೇಲ್ ನಿಜಕ್ಕೂ ಆ ಹೆಸರಿನವರಿಂದಲೇ ಬಂದದ್ದೆಂದು ತೋರಿಸುವ ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ದಾಖಲೆಗಳು ಮೂರನ್ನೂ ಮೊದಲ ದಿನವೇ ಬರೆದಿಡುತ್ತೇನೆ. ರಾಶಿ ಮೇಲ್ ಕಳಿಸುವವರಿಗೆ ಜಿಮೇಲ್ ಮತ್ತು ಯಾಹೂ 2024ರಿಂದ ಇವನ್ನು ಕಡ್ಡಾಯ ಮಾಡಿವೆ. ಕಡಿಮೆ ಕಳಿಸುವವರಿಗೂ ಇದ್ದರೆ ನಷ್ಟವೇನಿಲ್ಲ.

ಈಗ ಕಂಪನಿ ಆರಿಸುವ ಮುನ್ನ ಒಂದು ತಿಂಗಳ ಮಟ್ಟಿಗೆ ಕೊಂಡು, ಭಾನುವಾರ ರಾತ್ರಿ ಒಂದು ತಾಂತ್ರಿಕ ಪ್ರಶ್ನೆ ಕಳಿಸುತ್ತೇನೆ. ಯಾರು, ಎಷ್ಟು ಹೊತ್ತಿಗೆ, ಏನು ಉತ್ತರಿಸುತ್ತಾರೆ ಎಂಬುದೇ ನನಗೆ ಮುಖ್ಯ. ಶೇ 99.9ರಷ್ಟು ಹೊತ್ತು ತಾಣ ನಡೆಯುತ್ತದೆ ಎಂಬ ಭರವಸೆ ಕೇಳಲು ಚೆಂದ. ಲೆಕ್ಕ ಹಾಕಿದರೆ ತಿಂಗಳಿಗೆ ಸುಮಾರು 43 ನಿಮಿಷ ತಾಣ ಮಲಗಬಹುದು ಎಂದರ್ಥ. ಆಮೇಲೆ ಒಂದು ಪರೀಕ್ಷಾ ಖಾತೆಯನ್ನು ಬೇಕೆಂದೇ ಅಳಿಸಿ, ಬ್ಯಾಕಪ್‌ನಿಂದ ಮರಳಿ ತರಿಸುತ್ತೇನೆ. ಒಂದು ಕಂಪನಿ ಇಲ್ಲೇ ಸೋತಿತು. ಕಂಪನಿಯ ಬ್ಯಾಕಪ್ ಗೆದ್ದರೂ ಇನ್ನೊಂದು ಪ್ರತಿ ಬೇರೆ ಕಡೆ ನನ್ನದೇ ಆಗಿ ಇರುತ್ತದೆ.

ದರದ ವಿಷಯದಲ್ಲಿ ಎಡವಿದ್ದು 2019ರಲ್ಲಿ. ಸಿಪ್ಯಾನೆಲ್ ಖಾತೆಗಳ ಸಂಖ್ಯೆಗೆ ತಕ್ಕಂತೆ ಶುಲ್ಕ ನಿಗದಿ ಮಾಡಿದ ಮೇಲೆ, ಮೂರು ವರ್ಷಕ್ಕೆ ಒಂದೇ ದರ ಎಂದು ಒಪ್ಪಿಕೊಂಡಿದ್ದ ನನ್ನ ಲಾಭ ಕರಗಿತು. ಈಗ ದರ ವರ್ಷಕ್ಕೊಮ್ಮೆ ಬದಲಾಗಬಹುದು ಎಂದು ಕರಾರಿನಲ್ಲೇ ಬರೆಯುತ್ತೇನೆ.

ಸರ್ವರ್ ಬದಲಿಸುವ ಹಿಂದಿನ ದಿನ ಡಿಎನ್‌ಎಸ್‌ನ (ತಾಣದ ಹೆಸರನ್ನು ಸರ್ವರ್ ವಿಳಾಸಕ್ಕೆ ಜೋಡಿಸುವ ವ್ಯವಸ್ಥೆ) ಟಿಟಿಎಲ್ ಅನ್ನು, ಅಂದರೆ ಹಳೆಯ ವಿಳಾಸವನ್ನು ಉಳಿದ ಕಂಪ್ಯೂಟರ್‌ಗಳು ನೆನಪಿಟ್ಟುಕೊಳ್ಳುವ ಅವಧಿಯನ್ನು, 300 ಸೆಕೆಂಡಿಗೆ ಇಳಿಸಿ, ಹೊಸದು ಸರಿಯಾಗಿ ನಡೆಯತೊಡಗಿದ ಮೇಲೆ ಒಂದು ವಾರ ಬಿಟ್ಟು ಹಳೆಯದನ್ನು ಮುಚ್ಚುತ್ತೇನೆ. ಡೊಮೈನ್ (ತಾಣದ ಹೆಸರು) ಮಾತ್ರ ಎಂದಿಗೂ ಗ್ರಾಹಕರದೇ ಹೆಸರಿನಲ್ಲಿ, ಅವರದೇ ಖಾತೆಯಲ್ಲಿ. ಈಚೆಗೆ ಒಬ್ಬರು ಬೇರೆಯವರ ಬಳಿಗೆ ಹೋದರು. ನಾನು ಕೊಡಬೇಕಾದದ್ದು ಒಂದು ಬ್ಯಾಕಪ್ ಕಡತ. ಅರ್ಧ ಗಂಟೆಯ ಕೆಲಸ. ಎರಡು ತಿಂಗಳ ನಂತರ ಅವರದೇ ಫೋನ್ ಬಂತು: ಮೇಲ್ ಹೋಗುತ್ತಿಲ್ಲವಂತೆ.