ನುವಾರ ಎಲಿಯ ಪ್ರವಾಸ: ಬೆಳಗುಗಳ ಲೆಕ್ಕದಲ್ಲಿ ನಾನು ಹಾಕಿಕೊಂಡ ಯೋಜನೆ

ಶ್ರೀಲಂಕಾದ ನುವಾರ ಎಲಿಯ ಸಮುದ್ರಮಟ್ಟದಿಂದ 1,868 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಸ್ವಲ್ಪವೇ ಕೆಳಗೆ ಒಂದು ಇಡೀ ಪೇಟೆ, ಕೆರೆ, ರೇಸ್ ಕೋರ್ಸ್, ಸುತ್ತಲೂ ಚಹಾ ತೋಟ. ಅಲ್ಲಿ ಹೆಚ್ಚಿನ ದಿನ ಆಕಾಶ ತಿಳಿಯಾಗಿರುವುದು ಬೆಳಿಗ್ಗೆ ಆರರಿಂದ ಒಂಬತ್ತು ಹತ್ತರವರೆಗೆ. ಆಮೇಲೆ ಕಣಿವೆಯಿಂದ ಮಂಜು ಏರುತ್ತದೆ, ಮಧ್ಯಾಹ್ನಕ್ಕೆ ಮೋಡ ಕವಿಯುತ್ತದೆ, ಎಷ್ಟೋ ಸಲ ಮಳೆಯೂ ಬರುತ್ತದೆ. ಆದ್ದರಿಂದ ಎಷ್ಟು ದಿನ ಎಂದು ಲೆಕ್ಕ ಹಾಕುವ ಬದಲು ಎಷ್ಟು ಬೆಳಗು ಬೇಕು ಎಂದು ಲೆಕ್ಕ ಹಾಕಿದೆ. ಹಾರ್ಟನ್ ಪ್ಲೇನ್ಸ್ ನಡಿಗೆಗೆ ಒಂದು, ತೋಟ ಮತ್ತು ಚಹಾ ಕಾರ್ಖಾನೆಗೆ ಒಂದು, ‘ಎಲ್ಲ’ ಎಂಬ ಹೆಸರಿನ ಊರಿನ ಕಡೆ ಹೋಗುವ ರೈಲಿಗೆ ಒಂದು. ಮೂರು ಬೆಳಗು ಎಂದರೆ ಮೂರು ರಾತ್ರಿ. ಕ್ಯಾಂಡಿಯಿಂದ ಬೆಳಿಗ್ಗೆ ಬಂದು ಮರುದಿನ ಮಧ್ಯಾಹ್ನ ಹೊರಡುವ ‘ಒಂದು ರಾತ್ರಿ’ ಪ್ಯಾಕೇಜಿನಲ್ಲಿ ಸಿಗುವುದು ಒಂದೇ ಬೆಳಗು. ಅದೂ ಮಂಜಾಗಿಬಿಟ್ಟರೆ ನೋಡುವುದಕ್ಕೆ ಏನೂ ಉಳಿಯುವುದಿಲ್ಲ.

ತಿಂಗಳನ್ನು ಆರಿಸುವಾಗ ಬೆಟ್ಟದ ಯಾವ ಬದಿ ಎನ್ನುವುದು ಮುಖ್ಯ. ನಮ್ಮ ಘಟ್ಟದಲ್ಲಿ ಆಗುಂಬೆ ನೆನೆಯುತ್ತಿರುವಾಗ ಬಯಲುಸೀಮೆ ಒಣಗಿರುತ್ತದಲ್ಲ, ಅಲ್ಲಿಯೂ ಹಾಗೆಯೇ. ಮೇಯಿಂದ ಸೆಪ್ಟೆಂಬರ್‌ವರೆಗೆ ನೈಋತ್ಯ ಮಾರುತ ಹ್ಯಾಟನ್, ದಿಂಬುಲ, ನುವಾರ ಎಲಿಯದ ಕಡೆ ಸುರಿಯುತ್ತದೆ. ಆಗ ಬೆಟ್ಟದ ಪೂರ್ವಕ್ಕಿರುವ ಊವ ಸೀಮೆ, ಅಂದರೆ ಹಪುತಲೆ, ಬಂಡಾರವೆಲ, ‘ಎಲ್ಲ’ ಊರುಗಳ ಕಡೆ, ಬಹುಮಟ್ಟಿಗೆ ಒಣಗಿರುತ್ತದೆ. ಡಿಸೆಂಬರ್, ಜನವರಿಯಲ್ಲಿ ಈಶಾನ್ಯ ಮಾರುತ ಊವ ಕಡೆ ಮಳೆ ತರುತ್ತದೆ. ಅಕ್ಟೋಬರ್, ನವೆಂಬರ್‌ನಲ್ಲಿ ಎರಡೂ ಕಡೆ ಗುಡುಗು ಮಳೆ. ಪಟ್ಟಿಪೊಲ ಮತ್ತು ಓಹಿಯ ನಿಲ್ದಾಣಗಳ ನಡುವಿನ ಸುರಂಗದ ಒಂದು ಬಾಯಲ್ಲಿ ಮಳೆ, ಇನ್ನೊಂದು ಬಾಯಲ್ಲಿ ಬಿಸಿಲು ಇರುವುದುಂಟು. ನುವಾರ ಎಲಿಯವೇ ಗುರಿಯಾದರೆ ಫೆಬ್ರವರಿ ಮತ್ತು ಮಾರ್ಚ್ ಅತ್ಯುತ್ತಮ. ರಜೆ ಸಿಗುವುದು ಜುಲೈ, ಆಗಸ್ಟ್‌ನಲ್ಲಿ ಮಾತ್ರ ಎನ್ನುವವರು ಹಪುತಲೆಯಲ್ಲಿ ತಂಗಿ ನುವಾರ ಎಲಿಯವನ್ನು ಒಂದು ದಿನದ ಭೇಟಿಗೆ ಇಳಿಸುವುದು ಸರಿ.

ಏಪ್ರಿಲ್ ಬೇಡ ಎಂದೇ ಹೇಳುತ್ತೇನೆ. ಏಪ್ರಿಲ್ 13, 14ರ ಸಿಂಹಳ-ತಮಿಳು ಹೊಸವರ್ಷದ ಸುತ್ತ ಆ ದೇಶದ ಜನರೆಲ್ಲ ತಂಪು ಹುಡುಕಿಕೊಂಡು ಅಲ್ಲಿಗೇ ಬರುತ್ತಾರೆ. ಕುದುರೆ ರೇಸು, ಹೂವಿನ ಪ್ರದರ್ಶನ ಎಲ್ಲ ಚೆಂದವೇ, ಆದರೆ ರೂಮಿನ ಬಾಡಿಗೆ ಹಲವು ಪಟ್ಟು ಏರುತ್ತದೆ, ಕೆರೆಯ ಸುತ್ತ ವಾಹನ ಅಲುಗಾಡುವುದಿಲ್ಲ. ಪ್ರತಿ ಹುಣ್ಣಿಮೆ ‘ಪೋಯ’, ಸರ್ಕಾರಿ ರಜೆ. ಕ್ಯಾಲೆಂಡರಿನಲ್ಲಿ ಮೊದಲೇ ಗುರುತು ಮಾಡಿಕೊಳ್ಳಿ. ಅಂದು ಮದ್ಯ ಮಾರುವುದಿಲ್ಲ, ತೋಟದಲ್ಲಿ ಎಲೆ ಕೀಳುವುದಿಲ್ಲ, ರೈಲುಗಳು ತುಂಬಿರುತ್ತವೆ.

ಪ್ರವೇಶಕ್ಕೆ ‘ಇಟಿಎ’ ಎಂಬ ಆನ್‌ಲೈನ್ ಅನುಮತಿ ಬೇಕು. ಇದರ ಶುಲ್ಕ ಮತ್ತು ವಿನಾಯಿತಿ ಆಗಾಗ ಬದಲಾಗಿದೆ, ಆದ್ದರಿಂದ ಹೊರಡುವ ತಿಂಗಳಲ್ಲಿ ನೋಡಿ. ವಿಳಾಸದ ಕೊನೆಯಲ್ಲಿ ‘ಗವ್ ಡಾಟ್ ಎಲ್‌ಕೆ’ ಇರುವ ಸರ್ಕಾರಿ ತಾಣದಲ್ಲೇ ಅರ್ಜಿ ಹಾಕಿ. ಹುಡುಕಿದಾಗ ಮೇಲೆ ಕಾಣುವ ಜಾಹೀರಾತಿನ ತಾಣಗಳು ಅದೇ ಅರ್ಜಿಗೆ ಹೆಚ್ಚು ಹಣ ಕೀಳುತ್ತವೆ. ಪಾಸ್‌ಪೋರ್ಟಿಗೆ ಆರು ತಿಂಗಳ ಅವಧಿ ಉಳಿದಿರಬೇಕು. ಬೆಂಗಳೂರಿನಿಂದ ಕೊಲಂಬೊಗೆ ನೇರ ವಿಮಾನ ಒಂದೂವರೆ ಗಂಟೆ, ಗಡಿಯಾರ ಬದಲಿಸುವ ಅಗತ್ಯವಿಲ್ಲ. ವಿಮಾನ ಇಳಿಯುವುದು ಕೊಲಂಬೊಗೆ ಉತ್ತರದ ಕಟುನಾಯಕದಲ್ಲಿ. ಬೆಟ್ಟಕ್ಕೆ ಹೋಗುವವರು ಕೊಲಂಬೊ ನಗರದೊಳಗೆ ಕಾಲಿಡಬೇಕಾಗಿಲ್ಲ, ಅಲ್ಲಿಂದಲೇ ಕ್ಯಾಂಡಿ ಕಡೆ ತಿರುಗಬಹುದು. ನಾನು ಮೊದಲ ರಾತ್ರಿ ಕ್ಯಾಂಡಿಯಲ್ಲಿ ಉಳಿಯುವಂತೆ ಹಾಕಿಕೊಂಡೆ. ಕ್ಯಾಂಡಿಯಿಂದ ನುವಾರ ಎಲಿಯ ರಸ್ತೆಯಲ್ಲಿ ಸುಮಾರು 75 ಕಿಲೋಮೀಟರ್, ಆದರೆ ರಂಬೊಡದ ತಿರುವುಗಳಿಂದಾಗಿ ಎರಡೂವರೆಯಿಂದ ಮೂರು ಗಂಟೆ ಬೇಕು. ಹೊಟ್ಟೆ ತೊಳಸುವವರು ಗಟ್ಟಿ ತಿಂಡಿ ತಿನ್ನದೆ ಹತ್ತುವುದು ಒಳ್ಳೆಯದು.

ಈಗ ರೈಲು. ಯೋಜನೆಯಲ್ಲಿ ಅತಿ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾದದ್ದು ಇದಕ್ಕೇ. ನುವಾರ ಎಲಿಯ ಪೇಟೆಗೆ ರೈಲು ಬರುವುದಿಲ್ಲ. ನಿಲ್ದಾಣ ಇರುವುದು ಎಂಟು ಕಿಲೋಮೀಟರ್ ದೂರದ ‘ನಾನು ಓಯ’ ಎಂಬ ಊರಿನಲ್ಲಿ. ಕಾಯ್ದಿರಿಸುವ ಸೀಟುಗಳು ಪ್ರಯಾಣಕ್ಕೆ 30 ದಿನ ಮೊದಲು ತೆರೆಯುತ್ತವೆ, ಪ್ರವಾಸಿಗರ ನೆಚ್ಚಿನ ಗಾಡಿಗಳಲ್ಲಿ ಕೆಲವೇ ನಿಮಿಷಗಳಲ್ಲಿ ಮುಗಿದೂ ಹೋಗುತ್ತವೆ. ಆದ್ದರಿಂದ ವಿಮಾನದ ಟಿಕೆಟ್ ಆದ ಮೇಲೆ ನಾನು ನಿಗದಿ ಮಾಡಿದ್ದು ರೈಲಿನ ದಿನವನ್ನು, ಹೋಟೆಲನ್ನು ಆಮೇಲೆ. ಎಲ್ಲರ ಪಾಸ್‌ಪೋರ್ಟ್ ಸಂಖ್ಯೆ ಕೈಯಲ್ಲೇ ಇರಲಿ. ಮೊದಲ ದರ್ಜೆಯ ಎಸಿ ಬೋಗಿಯ ಕಿಟಕಿ ತೆರೆಯುವುದಿಲ್ಲ, ಗಾಜಿನ ಮೇಲಿನ ಪ್ರತಿಬಿಂಬ ಎಲ್ಲ ಫೋಟೊಗಳಲ್ಲೂ ಬರುತ್ತದೆ. ಕಾಯ್ದಿರಿಸಿದ ಎರಡನೆಯ ದರ್ಜೆಯೇ ನನಗೆ ಸರಿ ಕಂಡದ್ದು: ಕಿಟಕಿ ತೆರೆಯಬಹುದು, ಕೂರುವ ಜಾಗ ಖಚಿತ. ಮುಂಗಡ ಸೀಟು ಸಿಗದಿದ್ದರೆ ದಲ್ಲಾಳಿಗಳಿಗೆ ಹತ್ತು ಪಟ್ಟು ತೆರಬೇಡಿ. ಕಾಯ್ದಿರಿಸದ ಟಿಕೆಟ್ ಅದೇ ದಿನ ನಿಲ್ದಾಣದ ಕೌಂಟರಿನಲ್ಲಿ ಸಿಗುತ್ತದೆ. ಅದರಲ್ಲಿ ಕ್ಯಾಂಡಿಯಿಂದ ‘ಎಲ್ಲ’ ಊರಿನವರೆಗೆ ಏಳು ಗಂಟೆ ನಿಂತು ಹೋಗುವ ಬದಲು, ‘ನಾನು ಓಯ’ದಿಂದ ಹಪುತಲೆವರೆಗಿನ ತುಂಡನ್ನು ಮಾತ್ರ ಹಿಡಿಯಿರಿ. ಪಟ್ಟಿಪೊಲದ ಬಳಿ ಹಳಿ ಸುಮಾರು 1,900 ಮೀಟರ್ ಎತ್ತರ ಮುಟ್ಟುತ್ತದೆ, ಆಮೇಲೆ ಸುರಂಗ ದಾಟಿ ಊವ ಕಡೆಯ ಆಳ ಕಣಿವೆ ತೆರೆದುಕೊಳ್ಳುತ್ತದೆ. ಈ ದಾರಿಯ ಸೊಗಸೆಲ್ಲ ಅಲ್ಲೇ ಇದೆ.

ಸಾಮಾನು ಹೆಚ್ಚಿದ್ದರೆ ಕಾರು ಮಾತಾಡಿ ಅದರಲ್ಲಿ ಪೆಟ್ಟಿಗೆ ಕಳಿಸಿ, ಕೈಚೀಲ ಮಾತ್ರ ಹಿಡಿದು ರೈಲು ಹತ್ತುವುದು ಒಳ್ಳೆಯ ಉಪಾಯ. ಹಣ, ಪಾಸ್‌ಪೋರ್ಟ್ ಮಾತ್ರ ನಿಮ್ಮ ಬಳಿಯೇ ಇರಲಿ. ನುವಾರ ಎಲಿಯದಿಂದ ರಸ್ತೆಯಲ್ಲಿ ‘ಎಲ್ಲ’ ಊರಿಗೆ ಸುಮಾರು ಎರಡು ಗಂಟೆ, ರೈಲಿಗೆ ಅದಕ್ಕಿಂತ ಹೆಚ್ಚು. ಗಾಡಿ ಒಂದು ಗಂಟೆ ತಡವಾಗುವುದು ಮಾಮೂಲು, ಆದ್ದರಿಂದ ವಿಮಾನ ಹಿಡಿಯುವ ದಿನ ರೈಲು ಇಟ್ಟುಕೊಳ್ಳಬೇಡಿ. 2025ರ ನವೆಂಬರ್ ಕೊನೆಯಲ್ಲಿ ದಿತ್ವಾ ಚಂಡಮಾರುತದಿಂದ ಈ ಬೆಟ್ಟಗಳಲ್ಲಿ ಭಾರಿ ಭೂಕುಸಿತವಾಗಿ ರೈಲು ಮಾರ್ಗಕ್ಕೂ ಪೆಟ್ಟು ಬಿತ್ತು. ಯಾವ ತುಂಡಿನಲ್ಲಿ ಗಾಡಿ ಓಡುತ್ತಿದೆ ಎಂದು ಖಚಿತ ಮಾಡಿಕೊಂಡೇ ರೂಮು ಬುಕ್ ಮಾಡಿ.

ರೂಮಿನ ವಿಷಯದಲ್ಲಿ ಕೇಳಬೇಕಾದದ್ದು ಕಿಟಕಿಯ ನೋಟವನ್ನಲ್ಲ. ಜನವರಿ, ಫೆಬ್ರವರಿಯ ರಾತ್ರಿ ಹತ್ತು ಡಿಗ್ರಿಗಿಂತ ಕೆಳಗಿಳಿಯುತ್ತದೆ, ಕೆಲವು ಬೆಳಗು ಹುಲ್ಲಿನ ಮೇಲೆ ಹಿಮದ ಪುಡಿಯೂ ಕಾಣುತ್ತದೆ. ಹೀಟರ್ ಇದೆಯೇ, ಅದಕ್ಕೆ ಬೇರೆ ಹಣವೇ, ಬಿಸಿನೀರು ಸೋಲಾರ್‌ದೋ ಗೀಸರ್‌ದೋ ಎಂದು ಬರೆದು ಕೇಳಿ. ಮೋಡ ಮುಸುಕಿದ ಊರಿನಲ್ಲಿ ಸೋಲಾರ್ ನೀರು ಬೆಳಿಗ್ಗೆ ಐದಕ್ಕೆ ಬಿಸಿ ಇರುವುದಿಲ್ಲ. ಹಾಸಿಗೆಯ ತೇವ ಇನ್ನೊಂದು ತೊಂದರೆ. ವಿಮರ್ಶೆಗಳಲ್ಲಿ ಮುಗ್ಗಲು ವಾಸನೆಯ ದೂರು ಕಂಡರೆ ಆ ಮನೆಯನ್ನು ಬಿಟ್ಟುಬಿಡಿ.

ಹಾರ್ಟನ್ ಪ್ಲೇನ್ಸ್ ಊರಿನಿಂದ ಸುಮಾರು 30 ಕಿಲೋಮೀಟರ್. 2,100 ಮೀಟರ್‌ಗೂ ಮೇಲಿನ ಹುಲ್ಲುಗಾವಲು ಅದು, ಅಂಚಿನಲ್ಲಿ ‘ವರ್ಲ್ಡ್ಸ್ ಎಂಡ್’ ಎಂಬ ಪ್ರಪಾತ, ಸುಮಾರು 870 ಮೀಟರ್ ಆಳ. ಒಂಬತ್ತು, ಒಂಬತ್ತೂವರೆಗೆ ಮಂಜು ಆ ಬಾಯನ್ನು ಮುಚ್ಚುತ್ತದೆ, ಆಮೇಲೆ ಬಂದವರಿಗೆ ಕಾಣುವುದು ಬಿಳಿ ಗೋಡೆ. ಆದ್ದರಿಂದ ಹಿಂದಿನ ಸಂಜೆಯೇ ವ್ಯಾನ್ ಮಾತಾಡಿ, ಕಾಯುವ ಹೊತ್ತನ್ನೂ ಸೇರಿಸಿ ಬಾಡಿಗೆ ಗಟ್ಟಿ ಮಾಡಿಕೊಂಡು, ಬೆಳಿಗ್ಗೆ ಐದರೊಳಗೆ ಹೊರಡಬೇಕು. ಗೇಟು ತೆರೆಯುವುದು ಆರಕ್ಕೆ. ನಡಿಗೆಯ ಸುತ್ತು ಒಂಬತ್ತು ಕಿಲೋಮೀಟರ್‌ಗೆ ಸ್ವಲ್ಪ ಮೇಲೆ, ಸಾವಕಾಶವಾಗಿ ನಡೆದರೆ ಮೂರು ಗಂಟೆ. ದಾರಿ ಕವಲೊಡೆಯುವಲ್ಲಿ ಮೊದಲು ಮಿನಿ ವರ್ಲ್ಡ್ಸ್ ಎಂಡ್ ಕಡೆ ಹೋಗಿ, ಅಲ್ಲಿಂದ ದೊಡ್ಡ ಪ್ರಪಾತ, ಕೊನೆಗೆ ಬೇಕರ್ಸ್ ಜಲಪಾತ. ಮಂಜಿದ್ದರೂ ಜಲಪಾತ ಕಾಣುತ್ತದೆ, ಪ್ರಪಾತ ಕಾಣುವುದಿಲ್ಲ. ವಿದೇಶಿಗರ ಪ್ರವೇಶದರ ಬೇರೆ, ಅದರ ಮೇಲೆ ಸೇವಾಶುಲ್ಕ, ತೆರಿಗೆ, ವಾಹನದ ಹಣ ಸೇರುತ್ತವೆ. ಜಾಲದಲ್ಲಿ ಕಂಡ ಮೂಲದರವನ್ನೇ ನಂಬಿ ಹಣ ಎಣಿಸಿಕೊಂಡು ಹೋದರೆ ಸಾಲದೆ ಬರುತ್ತದೆ.

ಗೇಟಿನಲ್ಲಿ ಚೀಲ ತಪಾಸಣೆ ಮಾಡಿ ಪಾಲಿಥೀನ್ ತೆಗೆಸುತ್ತಾರೆ. ಬಿಸ್ಕತ್ತಿನ ಹೊದಿಕೆ, ನೀರಿನ ಬಾಟಲಿಯ ಲೇಬಲ್ ಕೂಡ. ಅಲ್ಲಿನ ಕಡವೆಗಳು ಜನ ಬಿಸಾಡಿದ್ದನ್ನು ತಿನ್ನುತ್ತವೆ, ಹಾಗಾಗಿ ಈ ಕಟ್ಟುನಿಟ್ಟು ನೂರಕ್ಕೆ ನೂರು ಸರಿ. ಸ್ಟೀಲ್ ಬಾಟಲಿ, ಸ್ಟೀಲ್ ಡಬ್ಬಿಯಲ್ಲಿ ತಿಂಡಿ ಒಯ್ದರೆ ತಂಟೆಯೇ ಇಲ್ಲ. ಆರಕ್ಕೆ ಕೈ ಮರಗಟ್ಟುವ ಚಳಿ, ಹತ್ತಕ್ಕೆ ಕತ್ತು ಸುಡುವ ಬಿಸಿಲು. ಒಂದು ದಪ್ಪ ಕೋಟಿಗಿಂತ ತೆಳುವಾದ ಮೂರು ಪದರ ಬಟ್ಟೆ, ಟೋಪಿ, ಜಾರದ ಬೂಟು ಮೇಲು. ಪ್ರಪಾತದ ಅಂಚಿನಲ್ಲಿ ಮಕ್ಕಳ ಕೈ ಬಿಡಬೇಡಿ.

ಚಹಾ ಕಾರ್ಖಾನೆಯ ಭೇಟಿಗೂ ಬೆಳಿಗ್ಗೆಯೇ ಸರಿ, ಭಾನುವಾರ ಮತ್ತು ಪೋಯ ಬಿಟ್ಟು. ಆ ದಿನಗಳಲ್ಲಿ ಯಂತ್ರ ನಿಂತಿರುತ್ತದೆ, ಕಾಣುವುದು ಖಾಲಿ ತೊಟ್ಟಿ ಮಾತ್ರ. ಪೇಟೆಗೆ ಮೂರೇ ಕಿಲೋಮೀಟರ್ ದೂರದ ಪೆಡ್ರೊ ಎಸ್ಟೇಟ್ 1885ರದು. ಕ್ಯಾಂಡಿ ರಸ್ತೆಯಲ್ಲಿ ಲಬುಕೆಲ್ಲೆ ತೋಟ ಇದೆ. ಈ ಬೆಟ್ಟಗಳಲ್ಲಿ ಮೊದಲು ಇದ್ದದ್ದು ಕಾಫಿ. ನಮ್ಮ ಚಿಕ್ಕಮಗಳೂರು, ಕೊಡಗಿನ ಬೆಳೆಗಾರರಿಗೆ ಚೆನ್ನಾಗಿ ಗೊತ್ತಿರುವ ಅದೇ ಎಲೆ ತುಕ್ಕು ರೋಗ 1869ರಿಂದ ಅಲ್ಲಿ ಹಬ್ಬಿ ತೋಟಗಳನ್ನು ಮುಗಿಸಿತು. ಜೇಮ್ಸ್ ಟೇಲರ್ ಎಂಬ ಬೆಳೆಗಾರ 1867ರಲ್ಲೇ ಲೂಲಕಂಡೂರ ತೋಟದಲ್ಲಿ 19 ಎಕರೆ ಚಹಾ ಹಾಕಿದ್ದ. ಬೆಳೆಗಾರರು ಆ ದಾರಿ ಹಿಡಿದರು.

ಒಳಗೆ ನೋಡಬೇಕಾದ ಕ್ರಮ ಇದು. ಕಿತ್ತ ಎಲೆಯನ್ನು ಉದ್ದ ತೊಟ್ಟಿಗಳಲ್ಲಿ ಹರಡಿ, ಕೆಳಗಿನಿಂದ ಗಾಳಿ ಹಾಯಿಸಿ ರಾತ್ರಿಯಿಡೀ ಬಾಡಿಸುತ್ತಾರೆ. ಬಾಡಿದ ಎಲೆಯನ್ನು ಯಂತ್ರ ಹೊಸೆದು ರಸ ಹೊರತರುತ್ತದೆ. ಗಾಳಿ ತಾಗಿ ಹಸಿರು ತಾಮ್ರದ ಬಣ್ಣಕ್ಕೆ ತಿರುಗುತ್ತದೆ. ಸರಿಯಾದ ಕ್ಷಣದಲ್ಲಿ ಬಿಸಿಗಾಳಿಯಲ್ಲಿ ಒಣಗಿಸಿ ತೇವವನ್ನು ಮೂರು ಶೇಕಡಾದ ಆಸುಪಾಸಿಗೆ ಇಳಿಸುತ್ತಾರೆ, ಆಮೇಲೆ ಜರಡಿ. ನಾಲ್ಕೂವರೆ ಕಿಲೋ ಹಸಿ ಎಲೆಗೆ ಒಂದು ಕಿಲೋ ಚಹಾ. ತೋಟದಲ್ಲಿ ಎಲೆ ಕೀಳುವ ಹೆಂಗಸರು ಬಹುತೇಕ ಅಲ್ಲಿನ ಬೆಟ್ಟಸೀಮೆಯ ತಮಿಳರು, ತೂಕದ ಲೆಕ್ಕಕ್ಕೆ ದುಡಿಯುವವರು. ಫೋಟೊ ಬೇಕಿದ್ದರೆ ‘ಅಕ್ಕಾ’ ಎಂದು ಕರೆದು ಕೇಳಿ, ಬೇಡ ಎಂದರೆ ಬಿಟ್ಟುಬಿಡಿ. ಅವರನ್ನು ನಿಲ್ಲಿಸಿದಷ್ಟು ಹೊತ್ತು ಅವರ ಕೂಲಿಯ ಹೊತ್ತು.

ಕೊಳ್ಳುವಾಗ ಮನೆಯಲ್ಲಿ ಹೇಗೆ ಕುಡಿಯುತ್ತೀರಿ ಎಂದು ಯೋಚಿಸಿ. ಹಾಲು ಹಾಕಿ ಕುದಿಸುವ ಮನೆಗೆ ‘ಒಪಿ’ ಎಂಬ ಉದ್ದ ಎಲೆ ತಂದರೆ ಹಣ ದಂಡ, ಬಣ್ಣವೇ ಬರುವುದಿಲ್ಲ. ‘ಬಿಒಪಿಎಫ್’ ಎಂಬ ಸಣ್ಣ ಚೂರು ಅಥವಾ ‘ಡಸ್ಟ್’ ಎಂಬ ಪುಡಿ ತನ್ನಿ, ಅದೂ ದಿಂಬುಲ ಅಥವಾ ಊವ ಸೀಮೆಯದು. ನುವಾರ ಎಲಿಯದ ಚಹಾ ತೆಳು ಹೊಂಬಣ್ಣದ್ದು, ಹಾಲಿಲ್ಲದೆ ಕುಡಿಯುವುದಕ್ಕೇ ಹುಟ್ಟಿದ್ದು. 200 ಮಿಲಿ ನೀರಿಗೆ ಎರಡೂವರೆ ಗ್ರಾಂ, ಮೂರು ನಿಮಿಷ ಸಾಕು. ಅಲ್ಲಿ ಕುಡಿದ ರುಚಿ ಇಲ್ಲಿ ಬರದಿರಲು ಎರಡು ಕಾರಣ: ಆ ಎತ್ತರದಲ್ಲಿ ನೀರು ಸುಮಾರು 94 ಡಿಗ್ರಿಗೇ ಕುದಿಯುತ್ತದೆ, ಬೆಂಗಳೂರಿನಲ್ಲಿ 97ಕ್ಕೆ. ಹಾಗಾಗಿ ಇಲ್ಲಿ ಅರ್ಧ ನಿಮಿಷ ಮೊದಲೇ ಸೋಸಿ. ಎರಡನೆಯದು ಬೋರ್‌ವೆಲ್ಲಿನ ಗಡಸು ನೀರು, ಮೇಲೆ ಕೆನೆಯಂತೆ ಪದರ ಕಟ್ಟಿ ರುಚಿ ಮಂಕಾಗುತ್ತದೆ. ಫಿಲ್ಟರ್ ನೀರು ಬಳಸಿ. ಪೊಟ್ಟಣದ ಮೇಲೆ ಶ್ರೀಲಂಕಾ ಟೀ ಬೋರ್ಡಿನ ಸಿಂಹದ ಗುರುತು ಇದ್ದರೆ ಅದು ಅಲ್ಲಿಯೇ ಪ್ಯಾಕ್ ಆದ ಅಪ್ಪಟ ಸಿಲೋನ್ ಚಹಾ. ಚಕ್ಕೆ, ಏಲಕ್ಕಿ ಕೊಂಡಿದ್ದರೆ ಬೇರೆ ಚೀಲದಲ್ಲಿಡಿ, ಚಹಾ ವಾಸನೆ ಹೀರುತ್ತದೆ.

ಸಸ್ಯಾಹಾರಿಗಳು ಒಂದು ಮಾತು ಕಲಿತು ಹೋಗಬೇಕು. ಪೋಲ್ ಸಂಬೋಲ ಎಂಬ ಕಾಯಿ ಚಟ್ನಿಯಲ್ಲಿ, ಕೆಲವೊಮ್ಮೆ ತರಕಾರಿ ಪಲ್ಯದಲ್ಲೂ, ಒಣಮೀನಿನ ಚೂರು ಬೆರೆತಿರುತ್ತದೆ. ಮೀನು ಎಂದು ಅವರು ಅದನ್ನು ಎಣಿಸುವುದೇ ಇಲ್ಲ, ‘ವೆಜ್’ ಎಂದರೂ ಬರುತ್ತದೆ. ಸಿಂಹಳದಲ್ಲಿ ‘ಉಂಬಲಕಡ ಎಪಾ’, ತಮಿಳಿನಲ್ಲಿ ‘ಮಾಸಿ ವೇಂಡಾಂ’ ಎಂದು ಹೆಸರು ಹಿಡಿದೇ ಹೇಳಿ. ರೈಲಿನಲ್ಲಿ ಮಾರುವ ‘ಇಸ್ಸೊ ವಡೆ’ ಸಿಗಡಿಯದು, ‘ಪರಿಪ್ಪು ವಡೆ’ ಬೇಳೆಯದು. ಪೇಟೆಬೀದಿಯ ತಮಿಳು ಹೋಟೆಲುಗಳಲ್ಲಿ ದೋಸೆ, ಇಡ್ಲಿ ಸಿಗುತ್ತವೆ. ನಮ್ಮಲ್ಲಿ ತಮಿಳು ಅಲ್ಪಸ್ವಲ್ಪ ಬರುವವರಿಗೆ ಈ ಬೆಟ್ಟದ ತುಂಬ ಅದು ಇಂಗ್ಲಿಷಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ.

ಹಣವನ್ನು ಡಾಲರಿನಲ್ಲಿ ಒಯ್ದು ವಿಮಾನ ನಿಲ್ದಾಣದ ಬ್ಯಾಂಕ್ ಕೌಂಟರಿನಲ್ಲಿ ಬದಲಿಸಿದರೆ ಸಾಕು. 2024ರ ಫೆಬ್ರವರಿಯಿಂದ ನಮ್ಮ ಯುಪಿಐ ಅಲ್ಲಿಯೂ ನಡೆಯುತ್ತದೆ, ಆದರೆ ಎಲ್ಲ ಅಂಗಡಿಯಲ್ಲೂ ಅಲ್ಲ. ತ್ರಿಚಕ್ರದವರಿಗೆ, ಬಸ್ಸಿಗೆ ನಗದೇ ಬೇಕು. ಚಾರ್ಜರಿಗೆ ಚಪ್ಪಟೆ ಮೂರು ಕಡ್ಡಿಯ ಬ್ರಿಟಿಷ್ ಅಡಾಪ್ಟರ್ ಒಯ್ಯಿರಿ.

ಮಂಜಿನ ಮಧ್ಯಾಹ್ನಗಳಿಗೆ ಹತ್ತಿರದ ಕೆಲಸ ಇಟ್ಟುಕೊಳ್ಳಿ: 1894ರ ಕೆಂಪು ಇಟ್ಟಿಗೆಯ ಅಂಚೆ ಕಚೇರಿ, ಐದು ಕಿಲೋಮೀಟರ್ ದೂರದ ಸೀತಾ ಎಲಿಯದ ಸೀತೆಯ ಗುಡಿ, ಅದೇ ರಸ್ತೆಯಲ್ಲಿ ಮುಂದೆ ಹಕ್ಗಲ ಸಸ್ಯೋದ್ಯಾನ. ಹಕ್ಕಿ ನೋಡುವವರು ಚಳಿಗಾಲದಲ್ಲಿ ವಿಕ್ಟೋರಿಯಾ ಪಾರ್ಕಿಗೆ ಹೋಗಲೇಬೇಕು, ಕಾಶ್ಮೀರದಿಂದ ಬರುವ ನೊಣಹಿಡುಕ ಅಲ್ಲಿ ಸಿಗುತ್ತದೆ.

ವಾಪಸಿಗೆ, ‘ಎಲ್ಲ’ ಊರು ತಲುಪಿದ ಮೇಲೆ ಮತ್ತೆ ಬೆಟ್ಟ ಹತ್ತಿ ಕ್ಯಾಂಡಿಗೆ ಬರಬೇಕಿಲ್ಲ. ವೆಲ್ಲವಾಯ ಕಡೆ ಇಳಿದು ದಕ್ಷಿಣದ ಎಕ್ಸ್‌ಪ್ರೆಸ್‌ವೇ ಹಿಡಿದರೆ ದೂರ ಹೆಚ್ಚಾದರೂ ಐದಾರು ಗಂಟೆಯಲ್ಲಿ ಕಟುನಾಯಕ ಸೇರಬಹುದು, ತಿರುವುಗಳೂ ಕಡಿಮೆ. ವಿಮಾನ ಮುಂಜಾನೆಯದಾದರೆ ಕೊನೆಯ ರಾತ್ರಿಯನ್ನು ವಿಮಾನ ನಿಲ್ದಾಣದ ಪಕ್ಕದ ನೆಗೊಂಬೊದಲ್ಲಿ ಇಟ್ಟುಕೊಳ್ಳಿ.